ದೂರದ ದಾರಿಗೆ ಗಾಡಿ ಕಟ್ಟುವುದು

ಕಡೂರು ಸೀಮೆಯಲ್ಲಿ ‘ಗಾಡಿ ತಗೊಂಡು ಬಾರೋ’ ಎಂದರೆ ಈಗ ಯಾರೂ ಎತ್ತು ಹುಡುಕಿಕೊಂಡು ಕೊಟ್ಟಿಗೆಗೆ ಹೋಗುವುದಿಲ್ಲ. ಬೈಕಿನ ಕೀಲಿಕೈಗಾಗಿ ಜೇಬು ತಡಕುತ್ತಾರೆ. ಎತ್ತಿನ ಗಾಡಿ ಹಿಂದೆ ಸರಿದರೂ ಅದರ ಹೆಸರು ಮಾತ್ರ ಉಳಿದುಕೊಂಡು ಮೋಟಾರ್ ಸೈಕಲ್ಲಿನ ಮೇಲೆ ಹತ್ತಿ ಕುಳಿತಿದೆ. ಹಿಂದೆ ಜಾತ್ರೆಗೋ ನೆಂಟರ ಊರಿಗೋ ಹೊರಡುವ ಮುನ್ನ ‘ಗಾಡಿ ಕಟ್ಟುತ್ತಿದ್ದರು’. ಎತ್ತಿನ ಕೊರಳನ್ನು ನೊಗಕ್ಕೆ ಕಟ್ಟುವುದಷ್ಟೇ ಆ ಮಾತಿನ ಅರ್ಥವಾಗಿರಲಿಲ್ಲ. ಕೀಲೆಣ್ಣೆ ಹಾಕುವುದು, ಹುಲ್ಲು ಹಾಸಿ ಮೇಲೆ ಜಮಖಾನ ಹರಡುವುದು, ಕಮಾನು ಕಟ್ಟುವುದು, ಅಡಿಯಲ್ಲಿ ಲಾಟೀನು ತೂಗುಬಿಡುವುದು, ಎಲ್ಲವೂ ಸೇರಿ ಗಾಡಿ ಕಟ್ಟುವ ಕೆಲಸ.

ಇಂದಿನ ಮಾತಿನ ವಿಷಯವೂ ಅದೇ. ದೂರದ ಪ್ರಯಾಣಕ್ಕೆಂದು ಜನ ತಮ್ಮ ಬೈಕನ್ನು ಬದಲಾಯಿಸಿಕೊಳ್ಳುತ್ತಾರೆ. ಹಿಂದೆ ಕ್ಯಾರಿಯರ್, ಎರಡು ಪಕ್ಕ ಪೆಟ್ಟಿಗೆ, ಮುಂದೆ ಗಾಳಿ ತಡೆಯುವ ಗಾಜು, ಹೆಚ್ಚಿನ ದೀಪ, ಅಗಲದ ಹ್ಯಾಂಡಲ್, ದಪ್ಪನೆಯ ಸೀಟು. ವಾರಾಂತ್ಯದಲ್ಲಿ ಕಡೂರು, ಬೀರೂರು, ತರೀಕೆರೆ ದಾಟಿ ಕೆಮ್ಮಣ್ಣುಗುಂಡಿಗೋ ಬಾಬಾಬುಡನ್‌ಗಿರಿಗೋ ಹೋಗುವ ಇಂಥ ಗಾಡಿಗಳನ್ನು ಕಂಡು ‘ಇವರಿಗೆ ಮಾಡಲು ಬೇರೆ ಕೆಲಸವಿಲ್ಲವೆ?’ ಎನ್ನುವ ಹಿರಿಯರುಂಟು. ಆದರೆ ಆ ಹಿರಿಯರ ತಂದೆಯೂ ತಾತನೂ ಮಾಡುತ್ತಿದ್ದ ಕೆಲಸವೇ ಇದು. ಕೇಳಬೇಕಾದ ಪ್ರಶ್ನೆ ಬೇರೆ. ಏನನ್ನು ಬದಲಾಯಿಸುತ್ತಾರೆ, ಯಾರಿಗಾಗಿ ಬದಲಾಯಿಸುತ್ತಾರೆ ಮತ್ತು ಹಾಗೆ ಮಾಡುವಾಗ ಯಾವುದನ್ನು ಬಿಚ್ಚಿ ಮೂಲೆಗೆ ಎಸೆಯುತ್ತಾರೆ?

ಮೊದಲು ಅಜ್ಜಂಪುರದ ಕಡೆಗೆ ಹೋಗೋಣ. ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾಗಿರುವ ಈ ಊರಿನ ಹೆಸರು ಅಮೃತ ಮಹಲ್ ತಳಿಯ ದನಗಳಿಂದಾಗಿ ನಾಡಿಗೆ ಪರಿಚಿತ. ಅದರ ಸಂವರ್ಧನಾ ಕೇಂದ್ರ ಇಲ್ಲಿದೆ. ಬೂದು ಮೈ, ಹಿಂದಕ್ಕೆ ಬಾಗಿ ಮೇಲೇಳುವ ಚೂಪಾದ ಉದ್ದನೆಯ ಕೊಂಬು, ಮಾತು ಕೇಳದ ಸಿಟ್ಟು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಡಿ ಅರಮನೆಯ ದನಗಳನ್ನು ಸಾಕುತ್ತಿದ್ದರು. ಹೆಸರೇ ಹೇಳುವಂತೆ ಆಗ ಹಾಲು ಬೆಣ್ಣೆಯದೇ ಪ್ರಾಧಾನ್ಯ. ಹೈದರಾಲಿ ಇದೇ ದನಗಳ ಕಾಲಿನಲ್ಲಿ ಬೇರೊಂದು ಗುಣ ಕಂಡ. ತೋಪಿನ ಬಂಡಿ ಎಳೆಯಲು ಅವನ್ನು ಬಳಸಿದ. ಟಿಪ್ಪು ಸುಲ್ತಾನ್ ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟು, ದನಗಳ ಸಾಕಣೆ ಹೇಗಿರಬೇಕೆಂದು ಹುಕುಂನಾಮೆಯನ್ನೇ ಹೊರಡಿಸಿದ. ಚಿದಂಬರದ ನೆರವಿಗೆ ಹೈದರನ ಸೈನ್ಯ ನೂರು ಮೈಲಿ ದಾರಿಯನ್ನು ಎರಡೂವರೆ ದಿನದಲ್ಲಿ ಕ್ರಮಿಸಿದ್ದು ಈ ಎತ್ತುಗಳಿಂದ ಎಂದು ಹಳೆಯ ಬರಹಗಳು ಹೇಳುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರಿಗೂ ಇವು ಬೇಕಾದವು. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಹಿಂಡನ್ನೇ ಮಾರಿದರು, ಕೆಲವೇ ವರ್ಷಗಳಲ್ಲಿ ತಪ್ಪಿನ ಅರಿವಾಗಿ ಮತ್ತೆ ಕಟ್ಟಬೇಕಾಯಿತು.

ಬೈಕಿನ ಮಾತಿನ ನಡುವೆ ಎತ್ತಿನ ಕಥೆ ಏಕೆ ಎನ್ನಬಹುದು. ಹಾಲಿಗಾಗಿ ಇದ್ದ ದನವನ್ನು ದೂರದ ಓಟಕ್ಕೆ ತಿರುಗಿಸಿದ್ದು ಒಂದು ಮಾರ್ಪಾಡೇ ಅಲ್ಲವೆ? ಅಲ್ಲಿಯೂ ಏನೋ ಸಿಕ್ಕಿತು, ಏನೋ ಹೋಯಿತು. ಓಟ ಸಿಕ್ಕಿತು, ಹಾಲು ಕಡಿಮೆಯಾಯಿತು. ಅಮೃತ ಮಹಲ್ ಹಸು ಕೊಡುವ ಹಾಲು ಅದರ ಕರುವಿಗೆ ಸಾಕಾದರೆ ಹೆಚ್ಚು. ಒಂದು ಕಡೆ ಕೂಡಿಸಿದರೆ ಇನ್ನೊಂದು ಕಡೆ ಕಳೆಯುತ್ತದೆ ಎಂಬ ಈ ಲೆಕ್ಕ ಕಬ್ಬಿಣದ ಗಾಡಿಗೂ ತಪ್ಪಿದ್ದಲ್ಲ.

ಆ ಕಬ್ಬಿಣದ ಗಾಡಿ ಕನ್ನಡ ನಾಡಿಗೆ ಬಂದ ಬಗೆಯೂ ಸ್ವಾರಸ್ಯವಾಗಿದೆ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಪ್ರಾಗ್ ನಗರದಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಹಕ್ಕು ಪಡೆದು ಮೋಟಾರ್ ಸೈಕಲ್ ತಯಾರಿಕೆ ಆರಂಭಿಸಿದ. ತನ್ನ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್ ಹೆಸರಿನ ಮೊದಲ ಎರಡು ಅಕ್ಷರ ಸೇರಿಸಿ ‘ಜಾವಾ’ ಎಂದು ಕರೆದ. ಇಂಡೋನೇಷ್ಯದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಅರುವತ್ತರ ದಶಕದ ಆರಂಭದಲ್ಲಿ ರುಸ್ತುಂ ಇರಾನಿ ಅವರ ಐಡಿಯಲ್ ಜಾವಾ ಕಂಪನಿ ಮೈಸೂರಿನ ಯಾದವಗಿರಿಯಲ್ಲಿ ಈ ಬೈಕುಗಳನ್ನು ತಯಾರಿಸಲು ತೊಡಗಿತು. 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಎಪ್ಪತ್ತರ ದಶಕದಲ್ಲಿ ಹೆಸರು ‘ಯೆಜ್ಡಿ’ ಎಂದಾಯಿತು, 1978ರಲ್ಲಿ ‘ರೋಡ್‌ಕಿಂಗ್’ ಬಂದಿತು. ಮಾಲಿನ್ಯದ ಕಟ್ಟಳೆ ಮತ್ತು ಕಡಿಮೆ ಪೆಟ್ರೋಲ್ ಕುಡಿಯುವ ಜಪಾನಿ ಎಂಜಿನ್‌ಗಳ ಪೈಪೋಟಿ ಎರಡೂ ಸೇರಿ 1996ರಲ್ಲಿ ಕಾರ್ಖಾನೆ ಮುಚ್ಚಿತು.

ಮುಚ್ಚಿದ ಕಾರ್ಖಾನೆಯ ಬೈಕುಗಳು ರಸ್ತೆಯಿಂದ ಮಾಯವಾಗಲಿಲ್ಲ. ಇದಕ್ಕೆ ಅಭಿಮಾನ ಒಂದು ಕಾರಣವಾದರೆ, ಅವುಗಳ ಸರಳತೆ ಇನ್ನೊಂದು ಕಾರಣ. ಒಂದೇ ಸಿಲಿಂಡರ್, 250 ಸಿಸಿ, ಟೂ-ಸ್ಟ್ರೋಕ್. ಕವಾಟಗಳಿಲ್ಲ, ಕ್ಯಾಮ್ ಇಲ್ಲ. ಎಡಗಡೆಯ ಒಂದೇ ಲಿವರ್ ಒದ್ದರೆ ಕಿಕ್, ಮುಂದಕ್ಕೆ ತಿರುಗಿಸಿದರೆ ಗೇರು. ಹೊಸಬರು ಕಂಡು ಬೆರಗಾಗುವ ಈ ಏರ್ಪಾಡಿನಲ್ಲಿ ಒಂದು ಭಾಗವೇ ಕಡಿಮೆ, ಅಂದರೆ ಕೆಡಬಹುದಾದ ವಸ್ತುವೂ ಒಂದು ಕಡಿಮೆ. ಬಿಚ್ಚಿ ಜೋಡಿಸಬಲ್ಲ ಯಂತ್ರವನ್ನು ಬದಲಾಯಿಸಲೂ ಬಹುದು. ಹಾಲು ಹಾಕುವವರು ಬೈಕಿನ ಎರಡು ಪಕ್ಕಕ್ಕೆ ಕಬ್ಬಿಣದ ಕೊಕ್ಕೆ ಬೆಸೆದು ಕ್ಯಾನು ತೂಗುಹಾಕಿದರು. ತೋಟದವರು ಹಿಂದೆ ಚೌಕಟ್ಟು ಕಟ್ಟಿ ತೆಂಗಿನಕಾಯಿ ಚೀಲ, ಅಡಿಕೆ ಮೂಟೆ ಹೇರಿದರು. ಇಂದು ಸಾವಿರಾರು ರೂಪಾಯಿಗೆ ಮಾರುವ ಅಲ್ಯುಮಿನಿಯಂ ಪೆಟ್ಟಿಗೆಯ ಹಿರಿಯಣ್ಣ ಈ ಹಾಲಿನ ಕ್ಯಾನು. ಟೂರಿಂಗ್ ಬೈಕೆಂದರೆ ಪರದೇಶದ ಶೋಕಿ ಎನ್ನುವವರು ಇದನ್ನು ಮರೆಯಬಾರದು.

ಭಾರದ ಮಾತು ಬಂದಿತು. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೂಟೆಗಳು ಮುಂದೆ ಹೆಚ್ಚಾದರೆ ಮುಂಭಾರ, ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದೆ ಹೆಚ್ಚಾದರೆ ಹಿಂಭಾರ, ನೊಗ ಮೇಲೆದ್ದು ಎತ್ತಿನ ಗಂಟಲನ್ನು ಹಿಡಿಯುತ್ತದೆ. ಭಾರ ಅಚ್ಚಿನ ಮೇಲೆ ಕೂರಬೇಕು. ಬೈಕಿನಲ್ಲಿ ಎತ್ತಿನ ಜಾಗದಲ್ಲಿರುವುದು ಮುಂದಿನ ಚಕ್ರ. ಹಿಂದಿನ ಅಚ್ಚಿಗಿಂತ ಹಿಂದಕ್ಕೆ ಚಾಚಿದ ಕ್ಯಾರಿಯರ್ ಮೇಲೆ ದೊಡ್ಡ ಪೆಟ್ಟಿಗೆ ಇಟ್ಟು ತುಂಬಿದರೆ ಮುಂದಿನ ಚಕ್ರ ಹಗುರವಾಗುತ್ತದೆ. ಚಕ್ರ ನೆಲದ ಮೇಲೆಯೇ ಇರುತ್ತದೆ, ಆದ್ದರಿಂದ ಸವಾರನಿಗೆ ಗೊತ್ತಾಗುವುದಿಲ್ಲ. ತಿರುವಿನಲ್ಲಿ ಹ್ಯಾಂಡಲ್ ತೂಗಾಡತೊಡಗಿದಾಗ, ಮುಂದಿನ ಬ್ರೇಕ್ ಹಿಡಿದಾಗ ಟೈರ್ ಜಾರಿದಾಗ ಗೊತ್ತಾಗುತ್ತದೆ. ಹಾಲಿನವನ ಕ್ಯಾನುಗಳು ಚಕ್ರದ ಎರಡು ಪಕ್ಕ, ತಗ್ಗಿನಲ್ಲಿ, ಸಮತೂಕದಲ್ಲಿ ಇರುತ್ತಿದ್ದವು. ಅವನು ಯಾವ ಪುಸ್ತಕವನ್ನೂ ಓದಿರಲಿಲ್ಲ. ಒಂದು ಕಡೆಯ ಕ್ಯಾನು ಖಾಲಿಯಾದರೆ ಇನ್ನೊಂದರಿಂದ ಸುರಿದು ಸರಿಮಾಡಿಕೊಳ್ಳುತ್ತಿದ್ದ.

ಇನ್ನು ದಾರಿ. ಈ ಮೂರು ಊರುಗಳ ವಿಶೇಷವೆಂದರೆ ಸಣ್ಣ ವಿಸ್ತಾರದಲ್ಲಿ ಮೂರು ಬಗೆಯ ನೆಲ ಕಾಣಸಿಗುವುದು. ಕಡೂರಿನ ಕಡೆ ತೆಂಗು, ರಾಗಿಯ ಬಯಲು. ಅಜ್ಜಂಪುರದ ಕಡೆ ಈರುಳ್ಳಿ ಬೆಳೆಯುವ ತೆರೆದ ಹೊಲ ಮತ್ತು ದನ ಮೇಯುವ ಕಾವಲು. ತರೀಕೆರೆಗೆ ಬಂದರೆ ಅಡಿಕೆ ತೋಟದ ನೆರಳು, ಅದರಾಚೆ ಲಿಂಗದಹಳ್ಳಿ, ಕಲ್ಲತ್ತಿಗಿರಿಯ ಮೂಲಕ ಬೆಟ್ಟ. ಹಿಂದೆ 206 ಎಂಬ ಸಂಖ್ಯೆ ಹೊತ್ತಿದ್ದ ಹೆದ್ದಾರಿ ಕಡೂರು, ಬೀರೂರು, ತರೀಕೆರೆಗಳನ್ನು ಪೋಣಿಸಿಕೊಂಡು ಹೆಚ್ಚು ಏರಿಳಿತವಿಲ್ಲದೆ ಶಿವಮೊಗ್ಗದ ಕಡೆಗೆ ಸಾಗುತ್ತದೆ. ಆದರೆ ಸುಮಾರು 700 ಮೀಟರ್ ಎತ್ತರದಲ್ಲಿರುವ ತರೀಕೆರೆಯಿಂದ ಎಡಕ್ಕೆ ಹೊರಳಿದರೆ, ಒಂದೂವರೆ ಗಂಟೆಯೊಳಗೆ 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ವಿಶ್ರಾಂತಿಧಾಮ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಕೊಟ್ಟ ಬೆಟ್ಟವೂ ಹೌದು. ಅದಿರನ್ನು ಹಗ್ಗದ ದಾರಿಯಲ್ಲಿ ತೂಗುತೊಟ್ಟಿಗಳಲ್ಲಿ ಇಳಿಸುತ್ತಿದ್ದರೆಂದರೆ ಆ ಇಳಿಜಾರು ಎಂಥದೆಂದು ಊಹಿಸಬಹುದು.

ಬಯಲಿಗೆ ಕಟ್ಟಿದ ಗಾಡಿ ಬೆಟ್ಟಕ್ಕೆ ಆಗದು. ಇಲ್ಲಿ ಮೆಕ್ಯಾನಿಕ್ಕುಗಳು ಮಾಡುವ ಒಂದು ಸಣ್ಣ, ಅಗ್ಗದ ಮಾರ್ಪಾಡನ್ನು ಸ್ವಲ್ಪ ವಿವರವಾಗಿ ನೋಡಬಹುದು. ಎಂಜಿನ್ನಿನ ಪಕ್ಕದಲ್ಲಿ ಚೈನನ್ನು ಎಳೆಯುವ ಸಣ್ಣ ಹಲ್ಲಿನ ಚಕ್ರವಿರುತ್ತದೆ, ಗ್ಯಾರೇಜಿನ ಮಾತಿನಲ್ಲಿ ಮುಂದಿನ ಸ್ಪ್ರಾಕೆಟ್. ಅದರಲ್ಲಿ 16 ಹಲ್ಲಿದ್ದರೆ ತೆಗೆದು 15 ಹಲ್ಲಿನದನ್ನು ಹಾಕುತ್ತಾರೆ. ಒಂದು ಹಲ್ಲು ತಾನೆ ಎನಿಸುತ್ತದೆ. ಆದರೆ ಹಿಂದಿನ ಚಕ್ರ ಎಳೆಯುವ ಬಲ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಸಾಮಾನು ಹೇರಿಕೊಂಡು ಬೆಟ್ಟ ಹತ್ತುವಾಗ ಎರಡನೇ ಗೇರಿನಲ್ಲಿ ಉಸಿರುಗಟ್ಟುತ್ತಿದ್ದ ಬೈಕು ಲೀಲಾಜಾಲವಾಗಿ ಏರುತ್ತದೆ. ಸವಾರ ಸಂತೋಷದಿಂದ ಬಯಲಿಗೆ ಹಿಂದಿರುಗುತ್ತಾನೆ. ಅಲ್ಲಿ ಲೆಕ್ಕದ ಇನ್ನೊಂದು ಮುಖ ಕಾಣುತ್ತದೆ. ಮೊದಲು ನಿಮಿಷಕ್ಕೆ 4000 ಸುತ್ತಿನಲ್ಲಿ ಸಿಗುತ್ತಿದ್ದ ವೇಗಕ್ಕೆ ಈಗ ಸುಮಾರು 4270 ಸುತ್ತು ಬೇಕು. ಪೆಟ್ರೋಲ್ ಹೆಚ್ಚು ಖರ್ಚು, ಕೈಗೆ ನಡುಕ ಹೆಚ್ಚು, ಎಂಜಿನ್ನಿಗೆ ಸವೆತ ಹೆಚ್ಚು. ಅಮೃತ ಮಹಲಿನ ಹಾಲಿನ ಲೆಕ್ಕವೇ ಇದು.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಜಾವಾ ಯೆಜ್ಡಿಗಳನ್ನು ಹೊಳಪು ಬರುವಂತೆ ಮಾಡಿಸಿ ಬೆಟ್ಟಕ್ಕೆ ಒಯ್ಯುವ ಹೊಸ ತಲೆಮಾರಿನವರು ಇದನ್ನು ತಿಳಿದಿರಲೇಬೇಕು. ಈಗಿನ ಫೋರ್-ಸ್ಟ್ರೋಕ್ ಬೈಕನ್ನು ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಹಾಕಿ ಆಕ್ಸಿಲೇಟರ್ ಬಿಟ್ಟರೆ ಎಂಜಿನ್ನೇ ಹಿಡಿದೆಳೆದು ವೇಗ ತಗ್ಗಿಸುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಆ ಹಿಡಿತ ಬಹಳ ಕಡಿಮೆ. ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಹಳೆಯ ಬೈಕಿನಲ್ಲಿರುವುದು ಡ್ರಮ್ ಬ್ರೇಕು. ಡ್ರಮ್ ಕಾದರೆ ಹಿಡಿತ ಸಡಿಲವಾಗುತ್ತದೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಈ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲಿ. ಆಕ್ಸಿಲೇಟರ್ ಪೂರ್ತಿ ಮುಚ್ಚಿಕೊಂಡು ಮೈಲಿಗಟ್ಟಲೆ ಇಳಿದರೆ ಪೆಟ್ರೋಲಿನ ಜೊತೆ ಎಣ್ಣೆಯೂ ಹೋಗುವುದಿಲ್ಲ, ಪಿಸ್ಟನ್ ಒಣಗಿಕೊಂಡು ಓಡುತ್ತದೆ. ಹಳಬರು ಇಳಿಯುವಾಗ ಆಗಾಗ ಆಕ್ಸಿಲೇಟರನ್ನು ಒಂದಿಷ್ಟು ತಿರುಗಿಸಿ ಎಂಜಿನ್ನಿಗೆ ‘ಗುಟುಕು ಕುಡಿಸುತ್ತಾರೆ’. ನೋಡುವವರಿಗೆ ಅದು ಶೋಕಿಯಂತೆ ಕಾಣುತ್ತದೆ, ಆದರೆ ಹಾಗಲ್ಲ.

ದೀಪದ ವಿಷಯಕ್ಕೆ ಬಂದರೆ, ಹಳೆಯ ಜಾವಾಗಳಲ್ಲಿದ್ದದ್ದು 6 ವೋಲ್ಟಿನ ವ್ಯವಸ್ಥೆ. ಎಂಜಿನ್ ನಿಧಾನವಾದರೆ ದೀಪ ಬುಡ್ಡಿಯಂತೆ ಮಂಕಾಗುತ್ತಿತ್ತು. ಅದನ್ನು 12 ವೋಲ್ಟಿಗೆ ಬದಲಾಯಿಸುವುದು ಎಲ್ಲರೂ ಮಾಡಿಸುವ, ಮಾಡಿಸಬೇಕಾದ ಮಾರ್ಪಾಡು. 35 ವಾಟಿನ ದೀಪ ಉರಿಯಲು 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಹರಿಯಬೇಕಾದರೆ 12 ವೋಲ್ಟಿನಲ್ಲಿ ಅದರ ಅರ್ಧ ಸಾಕು. ತಂತಿ ಕಡಿಮೆ ಬಿಸಿಯಾಗುತ್ತದೆ, ಬೆಳಕು ಪೂರ್ತಿ ಸಿಗುತ್ತದೆ. ಇಷ್ಟಕ್ಕೆ ನಿಲ್ಲಿಸದೆ ಕ್ರ್ಯಾಶ್ ಗಾರ್ಡಿಗೆ 55 ವಾಟಿನ ಎರಡು ದೀಪ ಬಿಗಿಸಿದರೆ, ಅವೆರಡೇ 9 ಆಂಪಿಯರಿಗಿಂತ ಹೆಚ್ಚು ಎಳೆಯುತ್ತವೆ. ರಿಲೇ ಇಲ್ಲದೆ, ಫ್ಯೂಸ್ ಇಲ್ಲದೆ, ಹಾರ್ನಿನ ತಂತಿಗೇ ಸುತ್ತಿ ಟೇಪು ಅಂಟಿಸಿದ ದೀಪಗಳು ಎಷ್ಟಿಲ್ಲ! ಮಳೆಗಾಲದ ಕೆಮ್ಮಣ್ಣುಗುಂಡಿಯ ಮಂಜಿನಲ್ಲಿ ಬಿಳಿಯ ಬೆಳಕು ಮಂಜಿಗೇ ಬಡಿದು ಸವಾರನ ಕಣ್ಣಿಗೆ ಮರಳುತ್ತದೆ. ಅಲ್ಲಿ ಬೇಕಾಗುವುದು ತಗ್ಗಿನಲ್ಲಿ ಕೂರಿಸಿ ನೆಲಕ್ಕೆ ಬಗ್ಗಿಸಿದ ದೀಪ, ಜೊತೆಗೆ ನಿಧಾನ.

ಇನ್ನು ಸದ್ದು. ಸೈಲೆನ್ಸರಿನ ಒಳಗಿನ ಕೊಳವೆ ತೆಗೆಸುವುದು ಗ್ಯಾರೇಜುಗಳಲ್ಲಿ ಮಾಮೂಲಿ ಬೇಡಿಕೆ. ಸದ್ದು ಹೆಚ್ಚಿದ್ದನ್ನೇ ಶಕ್ತಿ ಹೆಚ್ಚಿತೆಂದು ನಂಬುವವರು ಬಹಳ. ಟೂ-ಸ್ಟ್ರೋಕ್ ಬೈಕಿನಲ್ಲಿ ಸೈಲೆನ್ಸರ್ ಎಂಜಿನ್ನಿನ ಒಂದು ಅಂಗವೇ ಆಗಿದೆ. ಹೊರಹೋಗುವ ಹೊಗೆಯ ಅಲೆ ಅದರೊಳಗೆ ಬಡಿದು ಹಿಂದಿರುಗಿ, ಸುಡದೆ ಹೊರಟ ಪೆಟ್ರೋಲನ್ನು ಮತ್ತೆ ಸಿಲಿಂಡರಿಗೆ ದೂಡುವಂತೆ ಅದರ ಅಳತೆ ಇರುತ್ತದೆ. ಒಳಗಿನದನ್ನು ಕಿತ್ತರೆ ಸದ್ದು ಬರುತ್ತದೆ, ಎಳೆತ ಹೋಗುತ್ತದೆ. ಹಿಂದಿನವರು ಆ ಕೊಳವೆಯನ್ನು ತೆಗೆಯುತ್ತಿದ್ದದ್ದು ಮಸಿ ಸುಟ್ಟು ತೊಳೆದು ಮತ್ತೆ ಹಾಕಲು. ಕೆಮ್ಮಣ್ಣುಗುಂಡಿಯ ಸುತ್ತಲಿನದು 1998ರಲ್ಲಿ ಹುಲಿ ಯೋಜನೆಗೆ ಸೇರಿದ ಭದ್ರಾ ಅರಣ್ಯದ ಸೆರಗು ಎಂಬುದನ್ನಾದರೂ ಗುಡುಗುವ ಗಾಡಿಯವರು ನೆನಪಿಡಬೇಕು. ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನ ಪ್ರಕಾರ ಶಬ್ದಮಾಲಿನ್ಯಕ್ಕೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು.

ಸಭಿಕರೇ, ಇಷ್ಟೆಲ್ಲ ಸೇರಿಸುವ ಮಾತಾಯಿತು. ಇನ್ನು ತೆಗೆಯುವ ಮಾತು. ಈ ವಿಷಯದ ತಿರುಳು ಇರುವುದು ಅಲ್ಲಿ.

ಹೊಸ ಬೈಕನ್ನು ಟೂರಿಂಗಿಗೆಂದು ಗ್ಯಾರೇಜಿಗೆ ತಂದಾಗ ಮೊಟ್ಟಮೊದಲು ಬಿಚ್ಚುವ ವಸ್ತು ಯಾವುದು? ಸೀರೆ ಗಾರ್ಡು. ಹಿಂದಿನ ಚಕ್ರದ ಎಡಗಡೆ ಅಡ್ಡಲಾಗಿರುವ ಆ ಕಬ್ಬಿಣದ ಸರಳಿನ ಜಾಲರಿ. ‘ನೋಡೋಕೆ ಚೆನ್ನಾಗಿಲ್ಲ’ ಎಂಬುದೊಂದೇ ಅದರ ಮೇಲಿನ ದೂರು. ಅದರ ಹಿಂದೆಯೇ ಹಿಂಬದಿಯವರು ಹಿಡಿದುಕೊಳ್ಳುವ ಹಿಡಿ ಹೋಗುತ್ತದೆ, ಸೀಟು ಗಿಡ್ಡವಾಗುತ್ತದೆ, ಕೆಲವೊಮ್ಮೆ ಹಿಂದಿನ ಕಾಲಿಡುವ ಕಡ್ಡಿಯೂ ಮಾಯ. ಈ ಮೂರೂ ಇರುವುದು ಸವಾರನಿಗಾಗಿ ಅಲ್ಲ, ಅವನ ಬೆನ್ನ ಹಿಂದೆ ಕುಳಿತವರಿಗಾಗಿ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಹಿಂದೆ ಕೂರುವವರಿಗೆ ಕೈಹಿಡಿ ಇರಬೇಕು, ಕಾಲಿಡಲು ಜಾಗವಿರಬೇಕು, ಅವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆ ಇರಬೇಕು. ಸೀರೆ ಎಂಬ ಪದ ಆ ನಿಯಮದ ಮನಸ್ಸಿನಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಯೂರೋಪಿನಲ್ಲೋ ಜಪಾನಿನಲ್ಲೋ ರೂಪುಗೊಂಡ ಬೈಕಿಗೆ ಈ ದೇಶ ಮಾಡಿದ ದೊಡ್ಡ ಮಾರ್ಪಾಡು ಯಾವುದೆಂದು ಕೇಳಿದರೆ ಇದನ್ನೇ ಹೇಳಬೇಕು.

ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು, ಮಡಿಲಲ್ಲಿ ಮಗು, ಕೈಯಲ್ಲಿ ಹಣ್ಣುಕಾಯಿಯ ಚೀಲ ಹಿಡಿದು ಕುಳಿತ ಹೆಂಗಸಿನ ಸೆರಗು ಒಂದು ಗಾಳಿಗೆ ಹಾರಿ ಚೈನಿಗೋ ಕಡ್ಡಿಗಳಿಗೋ ಸಿಕ್ಕಿದರೆ ಏನಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಪ್ರತಿ ಊರಿನಲ್ಲೂ ಅಂಥದೊಂದು ಸುದ್ದಿ ಇರುತ್ತದೆ. ಎಳೆಯುವ ಚಕ್ರದ ಬಲ ಎಷ್ಟೆಂದರೆ ಸವಾರ ಬ್ರೇಕ್ ಹಿಡಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ದುಪಟ್ಟಾ, ಮಳೆಯಂಗಿಯ ತುದಿ, ಬ್ಯಾಗಿನ ಪಟ್ಟಿ ಇವೂ ಅದಕ್ಕೆ ಒಂದೇ. ‘ನಾನು ಒಬ್ಬನೇ ಹೋಗುವುದು’ ಎಂದು ಗಾರ್ಡು ಬಿಚ್ಚಿಸಿದವನ ಬೈಕು ಸೋಮವಾರದಿಂದ ಶುಕ್ರವಾರದವರೆಗೆ ಮನೆಯ ಬೈಕು. ತಾಯಿಯನ್ನು ಆಸ್ಪತ್ರೆಗೆ, ತಂಗಿಯನ್ನು ಬಸ್ ನಿಲ್ದಾಣಕ್ಕೆ, ಅತ್ತಿಗೆಯನ್ನು ಸಂತೆಗೆ ಬಿಡುವುದು ಅದೇ. ವಾರಾಂತ್ಯದ ಗಾಡಿ ಬೇರೆ, ವಾರದ ಗಾಡಿ ಬೇರೆ ಎನ್ನುವ ಅನುಕೂಲ ಕಡೂರು ತರೀಕೆರೆಯ ಹೆಚ್ಚಿನ ಮನೆಗಳಲ್ಲಿಲ್ಲ. ಕಮಾನು ಗಾಡಿ ಕಟ್ಟುತ್ತಿದ್ದವರಾದರೂ ಹಾಸಿಗೆ, ನೆರಳು, ಹಿಡಿಯಲು ಆಸರೆ ಎಂದು ಮಾಡುತ್ತಿದ್ದುದೆಲ್ಲ ಹಿಂದೆ ಕುಳಿತವರಿಗಾಗಿಯೇ. ಗಾಡಿ ಹೊಡೆಯುವವನು ಮೂಕಿಯ ಬಳಿ ಬರಿ ಹಲಗೆಯ ಮೇಲೆ ಕೂರುತ್ತಿದ್ದ.

ಕಾನೂನು ಏನೆನ್ನುತ್ತದೆ? ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನಂತೆ, ತಯಾರಕರು ನಮೂದಿಸಿದ ಮೂಲ ವಿವರಕ್ಕೂ ನೋಂದಣಿ ಪತ್ರದಲ್ಲಿರುವುದಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಹಾಗಾದರೆ ಒಂದು ಚೀಲ ಕಟ್ಟುವುದೂ ಅಪರಾಧವೆ ಎಂದು ಗಾಬರಿಯಾಗಬೇಕಿಲ್ಲ. ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯನ್ನು ಬದಲಿಸುವುದು ಎಂದು ಕಲಮಿನಲ್ಲೇ ವಿವರಣೆ ಇದೆ. ಬೋಲ್ಟ್ ಹಾಕಿ ಬಿಗಿಸಿ, ಬೇಡವಾದಾಗ ಬಿಚ್ಚಿಡಬಹುದಾದ ಕ್ಯಾರಿಯರಿಗೂ, ಚಾಸಿಯನ್ನೇ ಕೊಯ್ದು ಉದ್ದ ಮಾಡುವುದಕ್ಕೂ ಇರುವ ಅಂತರ ಸಾಮಾನ್ಯ ಓದಿಗೇ ತಿಳಿಯುತ್ತದೆ. ಬಣ್ಣವಾಗಲಿ, ಎಂಜಿನ್ನಾಗಲಿ ಬದಲಾದರೆ ಕೆಎ-66 ಎಂದು ಆರಂಭವಾಗುವ ಸಂಖ್ಯೆಯವರು ತರೀಕೆರೆಯ ಸಾರಿಗೆ ಕಚೇರಿಯಲ್ಲಿ ದಾಖಲಿಸಿಕೊಳ್ಳಬೇಕು. ಅಲೆದಾಟ ಬೇಡವೆಂದು ಬಿಟ್ಟವರಿಗೆ ಅದರ ಬಿಸಿ ತಟ್ಟುವುದು ಅಪಘಾತವಾದ ಮೇಲೆ, ವಿಮೆಯವರು ನೋಂದಣಿ ಪತ್ರವನ್ನು ಬೈಕಿನ ಪಕ್ಕದಲ್ಲಿಟ್ಟು ಹೋಲಿಸಿ ತಕರಾರು ತೆಗೆದಾಗ.

ಆದರೂ ಒಂದು ವಿಚಿತ್ರವಿದೆ. ರಸ್ತೆಯಲ್ಲಿ ಪೊಲೀಸರು ತಡೆಯುವುದು ಸದ್ದು ಮಾಡುವ ಸೈಲೆನ್ಸರನ್ನು, ಕಣ್ಣು ಕುಕ್ಕುವ ದೀಪವನ್ನು. ಅದು ಸರಿಯೇ. ಬಿಚ್ಚಿಹಾಕಿದ ಸೀರೆ ಗಾರ್ಡನ್ನು ಯಾರಾದರೂ ಕೇಳಿದ್ದು ಅಪರೂಪ. ಸೇರಿಸಿದ್ದು ಕಣ್ಣಿಗೆ ಬೀಳುತ್ತದೆ, ತೆಗೆದದ್ದು ಬೀಳುವುದಿಲ್ಲ.

ಕಾಲ ಮುಂದೆ ಸರಿದಿದೆ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿಯ ಹಿಮಾಲಯನ್ ಬಂದ ಮೇಲೆ ಪೆಟ್ಟಿಗೆ ಕೂರಿಸುವ ಜಾಗವನ್ನು ಕಾರ್ಖಾನೆಯೇ ಮಾಡಿಕೊಡುವ ಬೈಕುಗಳು ಸಿಗತೊಡಗಿದವು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಬೇರೆ ಕಂಪನಿಯ ಮೂಲಕ, ಫೋರ್-ಸ್ಟ್ರೋಕ್ ಎಂಜಿನ್ನಿನೊಂದಿಗೆ ಮರಳಿದವು. ಯೆಜ್ಡಿಯಲ್ಲಂತೂ ಸಾಹಸ ಪ್ರಯಾಣಕ್ಕೆಂದೇ ಒಂದು ಮಾದರಿ ಇದೆ. 2020ರ ಏಪ್ರಿಲ್ ಒಂದರಿಂದ ಬಿಎಸ್-6 ಮಾನದಂಡ ಜಾರಿಯಾದ ಬಳಿಕ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಸೆನ್ಸರುಗಳೂ ಪೆಟ್ರೋಲನ್ನು ಅಳೆದು ಚಿಮುಕಿಸುವ ಗಣಕವೂ ಬಂದಿವೆ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ 2019ರಿಂದ ಎಬಿಎಸ್ ಕಡ್ಡಾಯವಾಗಿರುವುದು ಕೆಮ್ಮಣ್ಣುಗುಂಡಿಯ ಒದ್ದೆ ತಿರುವುಗಳಲ್ಲಿ ವರದಾನವೇ ಸರಿ. ಆದರೆ ಈ ಬೈಕುಗಳಿಗೆ ಮಾರ್ಪಾಡು ಎಂದರೆ ಕಂಪನಿಯ ಪಟ್ಟಿಯಿಂದ ಆರಿಸಿ ಹಣ ಕೊಡುವುದು, ಅಷ್ಟೆ. ಬೆಸುಗೆ ಹಾಕುವವನಿಗೆ, ಸೀಟು ಹೊಲಿಯುವವನಿಗೆ, ಸ್ಪ್ರಾಕೆಟಿನ ಹಲ್ಲು ಎಣಿಸಿ ಹೇಳುತ್ತಿದ್ದ ಮೇಸ್ತ್ರಿಗೆ ಅಲ್ಲಿ ಕೆಲಸ ಕಡಿಮೆ. ಬೈಕು ಕೆಟ್ಟರೆ ಎಳೆದುಕೊಂಡು ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಹೋಗಬೇಕು.

ಸೀಟು ಹೊಲಿಯುವವನ ಬಗ್ಗೆ ಒಂದು ಮಾತು ಹೇಳಲೇಬೇಕು. ಟೂರಿಂಗ್ ಬೈಕಿನ ಸಾಮಾನುಗಳಲ್ಲಿ ಇಡೀ ದಿನದ ಸವಾರಿಯನ್ನು ನಿರ್ಧರಿಸುವುದು ಅವನ ಕೆಲಸ. ಮೆತ್ತಗಿದ್ದರೆ ಸುಖವೆಂದು ಜನ ತಿಳಿಯುತ್ತಾರೆ. ಮೆತ್ತನೆಯ ಸ್ಪಂಜು ಒಂದು ಗಂಟೆಯಲ್ಲಿ ತಗ್ಗಿ, ಕೂತವರ ಮೂಳೆ ತಳದ ತಗಡಿಗೆ ತಾಗುತ್ತದೆ. ಒಳ್ಳೆಯ ಕಸುಬಿನವನು ಅಡಿಯಲ್ಲಿ ಗಟ್ಟಿ, ಮೇಲೆ ತೆಳ್ಳಗೆ ಮೆತ್ತನೆಯ ಪದರ ಇಟ್ಟು, ಸವಾರನನ್ನು ಒಮ್ಮೆ ಕೂರಿಸಿ ನೋಡಿ, ನೆಲಕ್ಕೆ ಎರಡು ಕಾಲೂ ಸಿಗುವಂತೆ ಪಕ್ಕಗಳನ್ನು ಕೆತ್ತುತ್ತಾನೆ. ಹಿಂದೆ ಯಾರು ಕೂರುತ್ತಾರೆಂದು ಕೇಳಿ ಅಳತೆ ತೆಗೆದುಕೊಳ್ಳುವವನೂ ಅವನೊಬ್ಬನೇ ಇರಬೇಕು.

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ಡಿ ದಿನವೆಂದು ಮೈಸೂರು ಬೆಂಗಳೂರುಗಳಲ್ಲಿ ಹಳೆಯ ಬೈಕುಗಳ ಮೆರವಣಿಗೆ ನಡೆಯುತ್ತದೆ. ಅಲ್ಲಿ ಗಮನಿಸಿ ನೋಡಿದರೆ, ಕಾರ್ಖಾನೆಯಿಂದ ಬಂದಂತೆಯೇ ಬೈಕನ್ನು ಉಳಿಸಿಕೊಂಡೆವೆಂದು ಹೆಮ್ಮೆಪಡುವವರು ಸೀರೆ ಗಾರ್ಡಿಗೂ ಹೊಳೆಯುವಂತೆ ಕ್ರೋಮಿಯಂ ಲೇಪ ಕೊಡಿಸಿರುತ್ತಾರೆ. ಊರಿನ ಗ್ಯಾರೇಜುಗಳಲ್ಲಿ ಅದರ ಸ್ಥಾನ ಬೇರೆ. ಬಿಚ್ಚಿಸಿದವರು ಒಯ್ಯದೆ ಬಿಟ್ಟ ಗಾರ್ಡುಗಳು ಗೋಡೆಯ ಮೊಳೆಯಲ್ಲಿ ಹಳೆಯ ಚೈನು, ಟ್ಯೂಬುಗಳ ನಡುವೆ ತೂಗುತ್ತಿರುತ್ತವೆ. ಗುಜರಿಯವನು ಬಂದಾಗ ತೂಕಕ್ಕೆ ಹೋಗುತ್ತವೆ. ಮದುವೆ ಗೊತ್ತಾದ ಮೇಲೆ ಅದನ್ನೇ ಹುಡುಕಿಕೊಂಡು ಬರುವವರೂ ಇದ್ದಾರೆ. ಅವರದೇ ಸಿಗದಿದ್ದರೆ ಮೇಸ್ತ್ರಿ ಮೊಳೆಯಿಂದ ಬೇರೊಂದನ್ನು ಇಳಿಸಿ, ತೂತು ಕೂಡದಿದ್ದರೆ ಹೊಸ ತೂತು ಕೊರೆದು, ನಾಲ್ಕು ಬೋಲ್ಟು ಬಿಗಿದು ಕೊಡುತ್ತಾನೆ.